ಹಾಸನದಲ್ಲಿ ಬಾಡಿಗೆಗೆ ಸಿಗುವ ಗ್ರೀಕ್ ಪಂಚಕ್ರೀಡೆ ಸೆಟ್: ಯಾವುದನ್ನು ತರಬೇಕು, ಯಾವುದನ್ನು ಅಲ್ಲೇ ಬಿಡಬೇಕು

ಮಳೆ ಸ್ವಲ್ಪ ಹಿಡಿತಕ್ಕೆ ಬಂದರೆ ಸಾಕು, ಹೋಬಳಿ ಮಟ್ಟ, ತಾಲ್ಲೂಕು ಮಟ್ಟ ಅಂತ ಕ್ರೀಡಾಕೂಟಗಳ ಸಾಲು ಶುರುವಾಗುತ್ತದೆ. ಅದು ಮುಗಿದ ಮೇಲೆ ಶಾಲೆಗಳ ಸ್ವಂತ ವಾರ್ಷಿಕ ಕ್ರೀಡಾಕೂಟ. ಈ ಎರಡನೆಯದಕ್ಕೆ ಏನಾದರೂ ಹೊಸದು ಬೇಕು ಅನ್ನುವ ಶಾಲೆಗಳಿಗಾಗಿ ಹಾಸನದ ಹೊರವಲಯದ ಒಂದು ಮರಗೆಲಸದ ವರ್ಕ್‌ಶಾಪ್ ಹಳೆಯ ಗ್ರೀಕರ ಪಂಚಕ್ರೀಡೆಯ (ಓಟ, ಉದ್ದ ಜಿಗಿತ, ಡಿಸ್ಕಸ್, ಜಾವೆಲಿನ್, ಕುಸ್ತಿ) ಸೆಟ್ ಮಾಡಿಟ್ಟು ಬಾಡಿಗೆಗೆ ಕೊಡುತ್ತಿದೆ. ದಿನಕ್ಕೆ 3,500 ರೂಪಾಯಿ, ಡೆಪಾಸಿಟ್ 5,000, ಸಾಗಣೆ ಬಾಡಿಗೆಗೆ ಪಡೆಯುವವರದೇ. ಟಾಟಾ ಏಸ್ ಒಂದರಲ್ಲಿ ಎಲ್ಲ ಹಿಡಿಯುತ್ತದೆ.

ಸೆಟ್‌ನಲ್ಲಿ ಇರುವುದು: ಕೈಯಲ್ಲಿ ಹಿಡಿದು ಹಾರುವ ಕಲ್ಲಿನ ತೂಕ ಎರಡು ಜೊತೆ, ಮರದ ಡಿಸ್ಕಸ್ ಎರಡು, ಸಿಲ್ವರ್ ಓಕ್‌ನ ಜಾವೆಲಿನ್ ಆರು, ಓಟ ಬಿಡುವ ಹಗ್ಗದ ಗೇಟು ಒಂದು, ತಿರುವು ಕಂಬ ಒಂದು, ಪ್ಲಾಸ್ಟಿಕ್ ಎಲೆಯ ಕಿರೀಟ ಹನ್ನೆರಡು, ಕ್ರೀಡಾಜ್ಯೋತಿಯ ಟಾರ್ಚ್ ಒಂದು, ನಾಲ್ಕು ಪುಟದ ಕೈಪಿಡಿ ಒಂದು. ಮೊದಲೇ ಹೇಳಿಬಿಡುತ್ತೇವೆ: ಹಗ್ಗದ ಗೇಟು ಮತ್ತು ಕಲ್ಲಿನ ತೂಕ ಎರಡಕ್ಕೇ ಕೊಟ್ಟ ಬಾಡಿಗೆ ಹುಟ್ಟುತ್ತದೆ. ಜಾವೆಲಿನ್ ಸರಿಪಡಿಸಿಕೊಂಡರೆ ನಡೆಯುತ್ತದೆ. ಟಾರ್ಚ್, ಕಿರೀಟ, ಕೈಪಿಡಿ ಮೂರನ್ನೂ ಅಲ್ಲೇ ಬಿಟ್ಟು ಬನ್ನಿ.

ಹಗ್ಗದ ಗೇಟಿನಿಂದ ಶುರು ಮಾಡೋಣ, ಏಕೆಂದರೆ ಇಡೀ ಸೆಟ್‌ನಲ್ಲಿ ನಿಜವಾದ ತಿಳಿವಳಿಕೆ ಇಟ್ಟು ಮಾಡಿದ ವಸ್ತು ಇದೊಂದೇ. ಗ್ರೀಕರು ಇದನ್ನು ಹಿಸ್ಪ್ಲೆಕ್ಸ್ ಅನ್ನುತ್ತಿದ್ದರು. ಓಟದ ಗೆರೆಯ ಎರಡೂ ತುದಿಯಲ್ಲಿ ಒಂದೊಂದು ಕಂಬ. ಕಂಬಗಳ ನಡುವೆ ಮೊಣಕಾಲಿನ ಎತ್ತರಕ್ಕೆ ಒಂದು, ಸೊಂಟದ ಎತ್ತರಕ್ಕೆ ಒಂದು ಹಗ್ಗ. ಕಂಬದ ಬುಡವನ್ನು ಬಲವಾಗಿ ಹುರಿ ಹಾಕಿದ ಹಗ್ಗದ ಕಟ್ಟಿನೊಳಗೆ ತೂರಿಸಿರುತ್ತಾರೆ. ಹುರಿಯ ಸೆಳೆತಕ್ಕೆ ಕಂಬ ಸದಾ ಮುಂದಕ್ಕೆ ಬೀಳಲು ಹವಣಿಸುತ್ತಿರುತ್ತದೆ, ಮೇಲಿನ ಕೊಂಡಿ ಅದನ್ನು ತಡೆದಿರುತ್ತದೆ. ಓಟಗಾರರ ಹಿಂದೆ ನಿಂತವನು ದಾರ ಎಳೆದರೆ ಎರಡೂ ಕೊಂಡಿ ಕಳಚಿ, ಕಂಬಗಳು ದಡಾರನೆ ಮುಂದಕ್ಕೆ ಬಿದ್ದು, ಹಗ್ಗ ನೆಲ ಕಚ್ಚುತ್ತದೆ. ಮಕ್ಕಳು ಅದರ ಮೇಲೆ ಹಾದು ಓಡುತ್ತಾರೆ. ಕವಣೆಯಂತ್ರದಲ್ಲಿ ಬಳಸುತ್ತಿದ್ದ ಹುರಿಹಗ್ಗದ ತತ್ವವೇ ಇದು. ಗ್ರೀಸಿನ ನೆಮಿಯಾದಲ್ಲಿ ಪುರಾತನ ಕ್ರೀಡಾಂಗಣವನ್ನು ಅಗೆದು ತೆಗೆದ ಸ್ಟೀಫನ್ ಮಿಲ್ಲರ್ ಅವರ ತಂಡ 1990ರ ದಶಕದಲ್ಲಿ ಇದನ್ನು ಮತ್ತೆ ಕಟ್ಟಿ ನಿಲ್ಲಿಸಿತು. 1996ರಲ್ಲಿ ಅಲ್ಲಿ ಹೊಸದಾಗಿ ಶುರುವಾದ ನೆಮಿಯಾ ಕ್ರೀಡೆಗಳಲ್ಲಿ ಓಟ ಬಿಡುವುದು ಇದರಿಂದಲೇ. ಅಲ್ಲಿ ಯಾರು ಬೇಕಾದರೂ ಓಡಬಹುದು, ಬರಿಗಾಲಲ್ಲಿ, ಬಿಳಿ ಅಂಗಿಯಲ್ಲಿ. ದಾಖಲೆ ಬರೆದಿಡುವುದಿಲ್ಲ. ಶಾಲೆಯ ಕೂಟಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಇನ್ನೊಂದಿಲ್ಲ ಅನ್ನುವುದು ನಮ್ಮ ಗಟ್ಟಿ ಅಭಿಪ್ರಾಯ.

ಈ ವರ್ಕ್‌ಶಾಪಿನವರು ಹುರಿಗೆ ತೆಂಗಿನ ನಾರಿನ ಹಗ್ಗ ಬಳಸಿದ್ದಾರೆ. ಒಣ ದಿನ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ರಾತ್ರಿ ಮೈದಾನದಲ್ಲೇ ಬಿಟ್ಟು, ಇಬ್ಬನಿಯಲ್ಲಿ ನೆನೆದು, ಬೆಳಿಗ್ಗೆ ಬಿಸಿಲಿಗೆ ಒಣಗಿತೋ, ಹುರಿ ಸಡಿಲವಾಗುತ್ತದೆ. ಆಮೇಲೆ ಕಂಬ ಬೀಳುವ ಬದಲು ವಾಲುತ್ತದೆ. ಹಾಗಾಗಿ ಹಿಂದಿನ ದಿನ ಜಾಗ ಅಳೆದು ಗೂಟ ಮಾತ್ರ ಹೊಡೆಯಿರಿ, ಹುರಿಯನ್ನು ಕೂಟದ ದಿನ ಬೆಳಿಗ್ಗೆಯೇ ಹಾಕಿ. ಎರಡೂ ಬದಿಗೆ ಸುತ್ತುಗಳನ್ನು ಎಣಿಸಿ ಹಾಕಬೇಕು. ಎಡಕ್ಕೆ ಏಳು ಸುತ್ತು, ಬಲಕ್ಕೆ ಆರು ಸುತ್ತಾದರೆ ಎಡಗಂಬ ಮೊದಲು ಬೀಳುತ್ತದೆ, ಎಡಲೇನಿನ ಮಗುವಿಗೆ ಒಂದು ಹೆಜ್ಜೆ ಪುಕ್ಕಟೆ ಸಿಗುತ್ತದೆ, ಬಲಲೇನಿನ ಮಗು ಇನ್ನೂ ಇಳಿಯದ ಹಗ್ಗಕ್ಕೆ ಎಡವುತ್ತದೆ. ದಾರವೂ ಅಷ್ಟೇ: ಎಳೆಯುವವನು ಗೆರೆಯ ಸರಿ ನಡುವಿನಲ್ಲಿ ಹಿಂದೆ ನಿಂತು, ಎರಡೂ ಕೊಂಡಿಗೆ ಸಮ ಉದ್ದದ ದಾರ ಇಟ್ಟುಕೊಂಡು, ಒಂದೇ ಸಲ ಎಳೆಯಬೇಕು. ಸೆಟ್‌ನ ಜೊತೆ ಕೊಡುವ ಗೂಟಗಳು ಒಂದೂವರೆ ಅಡಿಯವು. ನಮ್ಮ ಕೆಂಪುಮಣ್ಣಿನ ಮೈದಾನ ಮಳೆಯಲ್ಲಿ ಮೆದುವಾಗಿದ್ದರೆ ಅವು ನಾಲ್ಕು ಸಲ ಬಿಡುವಷ್ಟರಲ್ಲಿ ಅಲುಗಾಡುತ್ತವೆ. ಎರಡು ಅಡಿಯ ಕಬ್ಬಿಣದ ಗೂಟ ಬೇರೆ ತರಿಸಿಕೊಳ್ಳಿ. ಕಂಬದ ತಲೆ ಬೀಳುವ ಜಾಗಕ್ಕೆ ಮರಳು ತುಂಬಿದ ಚೀಲ ಇಡಿ, ಇಲ್ಲದಿದ್ದರೆ ಕಂಬ ಸೀಳುತ್ತದೆ. ಅದರ ಮುಂದೆ ಎರಡು ಮೀಟರ್ ಯಾರೂ ನಿಲ್ಲಬಾರದು, ಫೋಟೊ ತೆಗೆಯುವವರಂತೂ ಅಲ್ಲಿಗೇ ಬಂದು ಕೂರುತ್ತಾರೆ.

ಹಗ್ಗದ ಉದ್ದ ಎಂಟು ಮೀಟರ್. 1.22 ಮೀಟರ್ ಲೇನ್ ಹಾಕಿದರೆ ಆರು ಲೇನಿಗೆ 7.32 ಮೀಟರ್ ಬೇಕು, ಸರಿಹೋಗುತ್ತದೆ. ಕುಳಿತು ಓಟ ಬಿಡುವ ಕ್ರಮ ಇಲ್ಲಿ ಇಲ್ಲ. ಗ್ರೀಕರು ನೆಲಕ್ಕೆ ಹೂತ ಕಲ್ಲಿನ ಪಟ್ಟಿಯಲ್ಲಿ ಕೊರೆದ ಎರಡು ಸಣ್ಣ ಗೀರುಗಳಿಗೆ ಕಾಲ್ಬೆರಳು ಊರಿ, ಒಂದು ಪಾದ ಸ್ವಲ್ಪ ಮುಂದಿಟ್ಟು, ಕೈ ಚಾಚಿ ನಿಂತೇ ಓಡುತ್ತಿದ್ದರು. ನೀವು ಚಾಕ್ ಪೌಡರಿನಲ್ಲಿ ಎರಡು ಗೆರೆ ಎಳೆದರೆ ಸಾಕು. ಸ್ಪೈಕ್ಸ್ ಹಾಕಿಸಬೇಡಿ, ನೆಲಕ್ಕೆ ಬಿದ್ದ ಹಗ್ಗಕ್ಕೆ ಮೊಳೆ ಸಿಕ್ಕಿಕೊಳ್ಳುತ್ತದೆ.

ಓಟದ ದೂರದ ಬಗ್ಗೆ ಕೈಪಿಡಿ 192 ಮೀಟರ್ ಎಂದು ಬರೆದು ಕೈತೊಳೆದುಕೊಂಡಿದೆ. ಪುರಾತನ ಒಲಿಂಪಿಕ್ಸ್ ನಡೆಯುತ್ತಿದ್ದ ಒಲಿಂಪಿಯಾದ ಸ್ಟೇಡಿಯನ್, ಅಂದರೆ ಓಟದ ಹಾದಿಯ ಒಂದು ಉದ್ದ, 192.27 ಮೀಟರ್ ಹೌದು. ಆದರೆ ಅಳತೆ ಮೀಟರಿನದಲ್ಲ, 600 ಅಡಿಯದು, ಆ ಅಡಿ ಊರಿಂದೂರಿಗೆ ಬೇರೆ. ನೆಮಿಯಾದಲ್ಲೂ ಡೆಲ್ಫಿಯಲ್ಲೂ ಸ್ಟೇಡಿಯನ್ 180 ಮೀಟರಿಗಿಂತ ಕಡಿಮೆ. ಹಾಸನ ಜಿಲ್ಲೆಯ ಎಷ್ಟು ಶಾಲೆಗಳಲ್ಲಿ 192 ಮೀಟರಿನ ನೇರ ಮೈದಾನ ಇದೆ? ತಲೆ ಕೆಡಿಸಿಕೊಳ್ಳಬೇಡಿ. 80 ಮೀಟರ್ ಇದ್ದರೆ ಹೋಗಿ ಬರುವ ಓಟ ಇಡಿ, ಒಟ್ಟು 160 ಮೀಟರ್ ಆಗುತ್ತದೆ. ಒಲಿಂಪಿಯಾದಲ್ಲೇ ಹೆರಾ ದೇವಿಯ ಹೆಸರಿನಲ್ಲಿ ಹುಡುಗಿಯರಿಗೆ ಪ್ರತ್ಯೇಕ ಓಟ ನಡೆಯುತ್ತಿತ್ತು. ಅವರಿಗೆ ಸ್ಟೇಡಿಯನ್ನಿನ ಆರರಲ್ಲಿ ಒಂದು ಭಾಗ ಕಡಿಮೆ ಮಾಡುತ್ತಿದ್ದರು. ಲೆಕ್ಕ ಹಾಕಿದರೆ ಅದೂ ಸುಮಾರು 160 ಮೀಟರೇ. ಗ್ರೀಸಿನಲ್ಲಿ ಹೆಣ್ಣುಮಕ್ಕಳಿಗೆ ಓಟವೇ ಇರಲಿಲ್ಲ ಎಂದು ಕೈಪಿಡಿ ಬರೆದಿರುವುದನ್ನು ನಂಬಿ ಹುಡುಗಿಯರನ್ನು ಪಕ್ಕಕ್ಕೆ ಕೂರಿಸಬೇಡಿ.

ಹೋಗಿ ಬರುವ ಓಟಕ್ಕೆ ಒಂದೇ ತಿರುವು ಕಂಬ ಕೊಟ್ಟಿರುವುದು ದೊಡ್ಡ ಕೊರತೆ. ಆರು ಮಕ್ಕಳು ಒಂದೇ ಕಂಬ ಸುತ್ತಲು ಹೋದರೆ ಡಿಕ್ಕಿ ಖಂಡಿತ. ಲೇನಿಗೊಂದರಂತೆ ಬಿದಿರಿನ ಕಂಬ ನೆಡಿ, ಎಲ್ಲರೂ ಎಡಕ್ಕೇ ಸುತ್ತಲಿ.

ಇನ್ನು ಕಲ್ಲಿನ ತೂಕ. ಹಾಲ್ಟೆರೆಸ್ ಎಂದು ಅದರ ಹೆಸರು. ಉದ್ದ ಜಿಗಿತಕ್ಕೆ ಗ್ರೀಕರು ಎರಡೂ ಕೈಯಲ್ಲಿ ಒಂದೊಂದು ಹಿಡಿದು ಹಾರುತ್ತಿದ್ದರು. ಅಗೆತದಲ್ಲಿ ಸಿಕ್ಕಿರುವವುಗಳಲ್ಲಿ ಕಲ್ಲಿನವು ಇವೆ, ಸೀಸದವು ಇವೆ. ವರ್ಕ್‌ಶಾಪಿನವರು ಬಳಪದ ಕಲ್ಲಿನಲ್ಲಿ ಕೆತ್ತಿಸಿದ್ದಾರೆ, ಬೇಲೂರು ಹಳೇಬೀಡಿನ ಗುಡಿಗಳ ಜಾತಿಯ ಕಲ್ಲು. ಕೈಗೆ ತಂಪು, ನುಣುಪು, ಬೆರಳು ಹಾಕಲು ಒಳಗೆ ಅಂಡಾಕಾರದ ತೂತು. ತೂತಿನ ಅಂಚನ್ನು ಉಜ್ಜಿ ದುಂಡಗೆ ಮಾಡಿದ್ದಾರೆ. ಕೈ ಬೆವರಿದರೂ ಹಿಡಿತ ತಪ್ಪುವುದಿಲ್ಲ, ಗೆಣ್ಣು ತರಚುವುದಿಲ್ಲ. ಕೆಲಸ ಮಾಡಿದವರ ಕೈ ಒಳ್ಳೆಯದು.

ಆದರೆ ತಕ್ಕಡಿಗೆ ಹಾಕಿ ನೋಡಿ. ಒಂದೊಂದೂ ಒಂದೂವರೆ ಕೆಜಿ ಎಂದು ಬರೆದಿದ್ದಾರೆ. ಒಂದು ಜೊತೆಯಲ್ಲಿ ಒಂದು 1.48 ಕೆಜಿ, ಇನ್ನೊಂದು 1.62 ಕೆಜಿ ಬಂತು. 140 ಗ್ರಾಂ ವ್ಯತ್ಯಾಸ ಸಣ್ಣದಲ್ಲ. ನಿಂತಲ್ಲಿಂದ ಹಾರುವಾಗ ಭಾರದ ಕೈ ಮೈಯನ್ನು ತನ್ನ ಕಡೆ ತಿರುಗಿಸುತ್ತದೆ, ಇಳಿಯುವಾಗ ಒಂದು ಕಾಲು ಮೊದಲು ಊರುತ್ತದೆ, ಕಣಕಾಲು ಉಳುಕುತ್ತದೆ. ಬಳಪದ ಕಲ್ಲು ಮೆದು, ಅರದಲ್ಲಿ ಉಜ್ಜಿದರೆ ಹತ್ತು ನಿಮಿಷದಲ್ಲಿ ಸಮ ಮಾಡಬಹುದು. ಕೇಳಿದರೆ ಅವರೇ ಮಾಡಿಕೊಡುತ್ತಾರೆ. ಮೆದು ಕಲ್ಲಿಗೆ ಇರುವ ಇನ್ನೊಂದು ದೋಷ, ಒಂದಕ್ಕೊಂದು ತಾಗಿದರೆ ಚಕ್ಕೆ ಏಳುತ್ತದೆ. ಸಾಗಿಸುವಾಗ ಗೋಣಿಯಲ್ಲಿ ಬೇರೆ ಬೇರೆ ಸುತ್ತಿ.

ಹಾರುವ ಕ್ರಮ ಹೀಗೆ. ಪಾದ ಜೋಡಿಸಿ ನಿಂತು, ತೂಕವನ್ನು ಎರಡು ಮೂರು ಸಲ ಹಿಂದೆ ಮುಂದೆ ಬೀಸಿ ಲಯ ಹಿಡಿಯಬೇಕು. ಕೈ ಮುಂದೆ ಹೆಗಲ ಮಟ್ಟಕ್ಕೆ ಬರುವ ಹೊತ್ತಿಗೆ ಸರಿಯಾಗಿ ನೆಲ ಒದೆಯಬೇಕು. ಗಾಳಿಯಲ್ಲಿ ಕೈ ಮುಂದೆಯೇ ಇರಬೇಕು. ಇಳಿಯುವ ಮುನ್ನ ಒಮ್ಮೆಲೇ ಹಿಂದಕ್ಕೆ ಬೀಸಬೇಕು, ಆಗ ಕಾಲು ಮುಂದಕ್ಕೆ ಚಾಚಿಕೊಳ್ಳುತ್ತದೆ. ಮಕ್ಕಳು ಮಾಡುವ ತಪ್ಪು ಎಂದರೆ ಕೈ ಇನ್ನೂ ಹಿಂದೆ ಇರುವಾಗಲೇ ಹಾರಿಬಿಡುವುದು. ಆಗ ತೂಕ ಅವರನ್ನು ಕೆಳಗೆ ಎಳೆಯುತ್ತದೆ, ಬರಿಗೈಗಿಂತ ಕಡಿಮೆ ದೂರ ಬರುತ್ತದೆ, ಇದು ಸುಮ್ಮನೆ ಭಾರ ಎಂದು ಬಿಟ್ಟುಬಿಡುತ್ತಾರೆ. ಸರಿಯಾಗಿ ಬೀಸಿದರೆ ಲಾಭ ನಿಜ: 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 3 ಮೀಟರಿನ ಜಿಗಿತಕ್ಕೆ ಸುಮಾರು 17 ಸೆಂಟಿಮೀಟರ್ ಕೂಡುತ್ತದೆ ಎಂದು ಕಂಡುಬಂತು. ಹದಿನಾಲ್ಕು ವರ್ಷದೊಳಗಿನವರಿಗೆ ಒಂದೂವರೆ ಕೆಜಿ ಹೆಚ್ಚಾಯಿತು. ಅರ್ಧ ಲೀಟರಿನ ನೀರಿನ ಬಾಟಲಿಗೆ ಮರಳು ತುಂಬಿದರೆ ಮುಕ್ಕಾಲು ಕೆಜಿ ಆಸುಪಾಸು ಬರುತ್ತದೆ, ಅದರಲ್ಲೇ ಅಭ್ಯಾಸ ಮಾಡಿಸಿ.

ಇನ್ನೊಂದು ಮಾತು. ಗ್ರೀಕರು ಈ ಜಿಗಿತಕ್ಕೆ ಆಲೋಸ್ ಎಂಬ ವಾದ್ಯ ಊದಿಸುತ್ತಿದ್ದರು, ಜಿಗಿಯುವವನಿಗೆ ಲಯ ಸಿಗಲಿ ಎಂದು. ಅದು ನಮ್ಮ ನಾಗಸ್ವರದ ಹಾಗೆ ಜೋಡಿ ನಾಲಗೆಯ ವಾದ್ಯ. ಊರಿನಲ್ಲಿ ವಾಲಗದವರು ಇದ್ದರೆ ಆ ಒಂದು ಗಂಟೆಗೆ ಕರೆಯಿಸಿ. ಡೋಲಿನ ಪೆಟ್ಟಿಗೆ ತೂಕ ಬೀಸುವ ಮಕ್ಕಳ ಜಿಗಿತ ಕಣ್ಣೆದುರೇ ಹದಕ್ಕೆ ಬರುತ್ತದೆ. ಅಳೆಯುವಾಗ ಹಳೆಯ ನಿಯಮವನ್ನೇ ಇಡಿ: ಮರಳಿನಲ್ಲಿ ಎರಡೂ ಪಾದದ ಗುರುತು ಸ್ಪಷ್ಟವಾಗಿ ಮೂಡದಿದ್ದರೆ ಜಿಗಿತ ಲೆಕ್ಕಕ್ಕಿಲ್ಲ. ಅದಕ್ಕೆ ಮರಳನ್ನು ಪ್ರತಿ ಜಿಗಿತಕ್ಕೂ ಕೆರೆದು ಸಮ ಮಾಡಿ, ಒಂಚೂರು ನೀರು ಚಿಮುಕಿಸಿ.

ಜಾವೆಲಿನ್ ವಿಚಾರದಲ್ಲಿ ಸಮಾಧಾನವಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಸಿಲ್ವರ್ ಓಕ್ ಧಾರಾಳ, ಹಾಗಾಗಿ ಅದನ್ನೇ ಬಳಸಿದ್ದಾರೆ. 1.8 ಮೀಟರ್ ಉದ್ದ, ಸುಮಾರು 350 ಗ್ರಾಂ. ಗ್ರೀಕರದ್ದೂ ಆಳುದ್ದದ, ಬೆರಳು ದಪ್ಪದ, ಹಗುರ ಮರದ್ದೇ, ಅಲ್ಲಿಗೆ ಸರಿ. ಆದರೆ ಮರ ಚೆನ್ನಾಗಿ ಒಣಗುವ ಮೊದಲೇ ಕೊಯ್ದಿದ್ದಾರೆ. ಆರರಲ್ಲಿ ಎರಡು ಬಿಲ್ಲಿನಂತೆ ಬಾಗಿವೆ. ಸಿಮೆಂಟ್ ನೆಲದ ಮೇಲೆ ಉರುಳಿಸಿ ನೋಡಿ, ಕುಣಿಯುವುದನ್ನು ವಾಪಸ್ ಕೊಡಿ. ತುದಿಗೆ ರಬ್ಬರ್ ಟೊಪ್ಪಿಗೆ ಹಾಕಿರುವುದು ಒಳ್ಳೆಯದು, ಅದನ್ನು ಕೀಳಬೇಡಿ. ನೆಲಕ್ಕೆ ಚುಚ್ಚಲೇಬೇಕು ಅನ್ನುವ ನಿಯಮ ಬಿಟ್ಟು, ಬಿದ್ದ ಜಾಗ ಅಳೆಯಿರಿ.

ದೊಡ್ಡ ತಪ್ಪು ಇರುವುದು ಬೆರಳ ಪಟ್ಟಿಯಲ್ಲಿ. ಗ್ರೀಕರು ಜಾವೆಲಿನ್ನಿನ ನಡುವಿಗೆ ಚರ್ಮದ ಪಟ್ಟಿ ಸುತ್ತಿ, ಅದರ ಕುಣಿಕೆಯಲ್ಲಿ ಒಂದೋ ಎರಡೋ ಬೆರಳು ತೂರಿಸಿ ಎಸೆಯುತ್ತಿದ್ದರು. ಪಟ್ಟಿ ಬಿಚ್ಚಿಕೊಳ್ಳುತ್ತಾ ಜಾವೆಲಿನ್ನಿಗೆ ಬುಗುರಿಯ ಹಾಗೆ ತಿರುಗು ಕೊಡುತ್ತದೆ, ಕೈಯ ಉದ್ದವನ್ನೂ ಹೆಚ್ಚಿಸುತ್ತದೆ. ಬುಗುರಿಗೆ ಚಾಟಿ ಸುತ್ತಿ ಗೊತ್ತಿರುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೆಟ್‌ನಲ್ಲಿ ಕೊಟ್ಟಿರುವುದು ನೈಲಾನ್ ದಾರ. ನುಣುಪು ಮರದ ಮೇಲೆ ನೈಲಾನ್ ಜಾರುತ್ತದೆ, ತಿರುಗು ಹತ್ತುವುದೇ ಇಲ್ಲ. ಜಾರಬಾರದೆಂದು ಗಂಟು ಬಿಗಿದರೆ ಬೆರಳಿಗೆ ಸಿಕ್ಕಿಕೊಂಡು ಗೆಣ್ಣು ತಿರುಚುತ್ತದೆ. ಚಪ್ಪಲಿ ಹೊಲಿಯುವವರ ಹತ್ತಿರ ಒಂದು ಸೆಂಟಿಮೀಟರ್ ಅಗಲದ ಮೆದು ಚರ್ಮದ ಪಟ್ಟಿ ಕತ್ತರಿಸಿಕೊಳ್ಳಿ. ಚರ್ಮ ಬೇಡವಾದರೆ ದಪ್ಪ ನೂಲಿನ ಲಾಡಿಯೂ ಆಗುತ್ತದೆ. ಜಾವೆಲಿನ್ನನ್ನು ಬೆರಳ ಮೇಲೆ ತೂಗಿ ಸಮತೂಕದ ಜಾಗ ಗುರುತಿಸಿ. ಅದಕ್ಕಿಂತ ನಾಲ್ಕು ಬೆರಳು ಹಿಂದೆ ಪಟ್ಟಿಯ ಒಂದು ತುದಿ ಒತ್ತಿ ಹಿಡಿದು, ಅದರ ಮೇಲೆಯೇ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ, ಉಳಿದ ತುದಿಯಲ್ಲಿ ಬೆರಳು ಸಲೀಸಾಗಿ ಜಾರುವಷ್ಟು ಕುಣಿಕೆ ಬಿಡಿ. ಮರಕ್ಕೆ ಎಲ್ಲೂ ಗಂಟು ಹಾಕಬಾರದು. ಎಳೆತ ಇರುವವರೆಗೆ ಸುತ್ತು ನಿಲ್ಲುತ್ತದೆ, ಕೈಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ.

ಎಸೆತದ ವಲಯವನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ. ಈಗಿನ ಜಾವೆಲಿನ್ ವಲಯದ ಕೋನ 28.96 ಡಿಗ್ರಿ. ಕೋನಮಾಪಕ ಬೇಕಿಲ್ಲ: ಎರಡೂ ಗೆರೆಯ ಮೇಲೆ 40 ಮೀಟರ್ ಅಳೆದಲ್ಲಿ ಅವುಗಳ ನಡುವಿನ ಅಂತರ ಸರಿಯಾಗಿ 20 ಮೀಟರ್ ಇರಬೇಕು, ಅಂದರೆ ಅರ್ಧ. ಡಿಸ್ಕಸ್ಸಿಗೆ 34.92 ಡಿಗ್ರಿ, ಅಲ್ಲಿ 20 ಮೀಟರಿಗೆ 12 ಮೀಟರ್ ಅಂತರ. ಎಲ್ಲರ ಎಸೆತ ಮುಗಿಯುವವರೆಗೆ ಒಬ್ಬರೂ ಒಳಗೆ ಹೋಗಬಾರದು. ಪಟ್ಟಿ ಹಾಕಿ ಎಸೆದ ಜಾವೆಲಿನ್ ಮೊದಮೊದಲು ಬಲಕ್ಕೋ ಎಡಕ್ಕೋ ಸಿಡಿಯುತ್ತದೆ, ಆದ್ದರಿಂದ ಹಗ್ಗದ ಬೇಲಿಯನ್ನು ಗೆರೆಯಿಂದ ಇನ್ನೂ ಹತ್ತು ಮೀಟರ್ ಆಚೆ ಕಟ್ಟಿ.

ಡಿಸ್ಕಸ್ ಎರಡೂ ಸಾಧಾರಣ. ಒಂದು ಈಗಿನ ಗಂಡಸರ ಅಳತೆಯ 2 ಕೆಜಿ, ಇನ್ನೊಂದು ಪುರಾತನ ಮಾದರಿ ಎಂದು 2.4 ಕೆಜಿ. ಎರಡನೆಯದರಲ್ಲಿ ಕಬ್ಬಿಣದ ಪಟ್ಟಿ ಮರಕ್ಕಿಂತ ಒಂದು ಕೂದಲು ಮೇಲೆದ್ದಿದೆ. ಉಗುರಿನಿಂದ ಸುತ್ತ ಸವರಿದರೆ ಗೊತ್ತಾಗುತ್ತದೆ, ಅದು ಬೆರಳ ತುದಿ ಕೊಯ್ಯುತ್ತದೆ. ಪ್ರೌಢಶಾಲೆಯ ಮಕ್ಕಳಿಗೆ ಎರಡೂ ಭಾರ. ಶಾಲೆಯಲ್ಲೇ ಇರುವ 1 ಕೆಜಿಯದ್ದು ಬಳಸಿ. ಜೊತೆಗೆ ಅವರು ಕೊಡುವ ಇಳಿಜಾರಾದ ಮರದ ಕಟ್ಟೆಯನ್ನು ಪುರಾತನ ಪದ್ಧತಿ ಎಂದು ತೋರಿಸುತ್ತಾರೆ. 1906ರ ಅಥೆನ್ಸ್ ಮತ್ತು 1908ರ ಲಂಡನ್ ಕೂಟಗಳಲ್ಲಿ ಗ್ರೀಕ್ ಶೈಲಿ ಎಂಬ ಹೆಸರಿನಲ್ಲಿ ಇಂಥ ಕಟ್ಟೆಯ ಮೇಲೆ ನಿಂತು ಎಸೆಯುವ ಸ್ಪರ್ಧೆ ಇತ್ತು, ನಿಜ. ಗ್ರೀಕ್ ಶಿಲ್ಪಿ ಮೈರಾನನ ಡಿಸ್ಕಸ್ ಎಸೆತಗಾರನ ಪ್ರತಿಮೆಯ ಬಾಗಿದ ಭಂಗಿಯನ್ನೇ ನಿಯಮ ಮಾಡಲು ಹೋದದ್ದು ಅದು. ಎಸೆಯುವವರ ಮೈ ಕಟ್ಟಿಹಾಕಿದಂತಾಗಿ, ಬೇಗನೇ ಒಲಿಂಪಿಕ್ಸಿನಿಂದ ಬಿದ್ದುಹೋಯಿತು. ಕಟ್ಟೆ ತರಬೇಡಿ, ಅದರ ಮೇಲಿಂದ ಕಾಲು ಜಾರುತ್ತದೆ. ತಟ್ಟೆ ಎಸೆತದಲ್ಲಿ 66.28 ಮೀಟರ್ ಎಸೆದ ವಿಕಾಸ್ ಗೌಡ ಹುಟ್ಟಿದ್ದು ಪಕ್ಕದ ಮೈಸೂರಿನಲ್ಲಿ. ಮಕ್ಕಳಿಗೆ ಪ್ರತಿಮೆಯ ಚಿತ್ರದ ಜೊತೆ ಅವರ ಎಸೆತದ ವಿಡಿಯೊವನ್ನೂ ತೋರಿಸಿ.

ಕುಸ್ತಿಗೆ ಸೆಟ್‌ನಲ್ಲಿ ಏನೂ ಇಲ್ಲ, ಬೇಕಾಗಿಯೂ ಇಲ್ಲ. ಊರಿನ ಗರಡಿಯವರನ್ನು ಕೇಳಿ. ಗ್ರೀಕರದ್ದು ನಿಂತ ಕುಸ್ತಿ, ಎದುರಾಳಿಯನ್ನು ಮೂರು ಸಲ ಕೆಡವಿದವನು ಗೆದ್ದ. ಎಣ್ಣೆ ಹಚ್ಚಿ ಮಣ್ಣು ಸವರಿಕೊಳ್ಳುವುದು ಅವರಲ್ಲೂ ಇತ್ತು, ಆದ್ದರಿಂದ ಗರಡಿಯ ಮಣ್ಣಿನ ಮಟ್ಟಿಗಿಂತ ಸರಿಯಾದ ಜಾಗ ಸಿಗುವುದಿಲ್ಲ.

ಈಗ ಕೈಪಿಡಿ. ಇದು ನಿಜಕ್ಕೂ ಬೇಸರ ತರುತ್ತದೆ, ಏಕೆಂದರೆ ಮಕ್ಕಳ ಕೈಗೆ ಹೋಗುವುದು ಇದೇ. ಒಲಿಂಪಿಕ್ಸ್ 776ಕ್ಕೆ ಶುರುವಾಗಿ, ನಿಂತುಹೋಗಿ, 1896ರಲ್ಲಿ ಫ್ರಾನ್ಸಿನ ಪಿಯರ್ ದ ಕೂಬರ್ತಾ ಒಬ್ಬರೇ ಅದನ್ನು ಎಬ್ಬಿಸಿದರು ಎಂದು ಬರೆದಿದ್ದಾರೆ. ಮೊದಲನೆಯದಾಗಿ ಅದು ಕ್ರಿ.ಪೂ. 776, ಆ ಎರಡಕ್ಷರ ಬಿಟ್ಟುಹೋಗಿದೆ. ಪಂಚಕ್ರೀಡೆ ಸೇರಿದ್ದು ಕ್ರಿ.ಪೂ. 708ರಲ್ಲಿ. ಎರಡನೆಯದಾಗಿ, ಕೂಬರ್ತಾಗಿಂತ ಮುಂಚೆ ಎಷ್ಟೋ ಊರುಗಳು ತಮ್ಮ ತಮ್ಮ ಮಟ್ಟಿಗೆ ಗ್ರೀಕರ ಹೆಸರು ಹೇಳಿ ಕೂಟ ನಡೆಸಿದ್ದವು. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ಗುಡ್ಡದಲ್ಲಿ ರಾಬರ್ಟ್ ಡೋವರ್ 1612ರ ಹೊತ್ತಿಗೇ ಶುರು ಮಾಡಿದ್ದ. ಕ್ರಾಂತಿಯ ನಂತರದ ಪ್ಯಾರಿಸ್‌ನಲ್ಲಿ 1796ರಿಂದ 1798ರವರೆಗೆ ನಡೆಯಿತು. ಸ್ವೀಡನ್ನಿನ ರಾಮ್ಲೋಸಾದಲ್ಲಿ 1834 ಮತ್ತು 1836ರಲ್ಲಿ ನಡೆಯಿತು.

ಶಾಲೆಯವರಿಗೆ ಇವುಗಳಲ್ಲಿ ಹೆಚ್ಚು ಹತ್ತಿರವಾದದ್ದು ಮಚ್ ವೆನ್ಲಾಕ್. ಅದು ಇಂಗ್ಲೆಂಡಿನ ಒಂದು ಚಿಕ್ಕ ಊರು. ವಿಲಿಯಂ ಪೆನ್ನಿ ಬ್ರೂಕ್ಸ್ ಅಲ್ಲಿನ ಡಾಕ್ಟರು. 1850ರಲ್ಲಿ ಅವರು ಶುರು ಮಾಡಿದ ಕೂಟದಲ್ಲಿ ಓಟ, ಜಿಗಿತದ ಜೊತೆ ಕ್ರಿಕೆಟ್ಟೂ ಇತ್ತು. ಮುಂದೆ ಕಣ್ಣು ಕಟ್ಟಿ ಕೈಗಾಡಿ ತಳ್ಳುವ ಓಟ, ಒಂದು ಪೌಂಡ್ ಚಹಾಪುಡಿಯ ಬಹುಮಾನಕ್ಕೆ ಅಜ್ಜಿಯರ ಓಟವೂ ನಡೆದವು. ನಮ್ಮಲ್ಲಿ ನಿಂಬೆಹಣ್ಣು ಚಮಚದ ಓಟ, ಕೆಸರುಗದ್ದೆ ಓಟ ಇಟ್ಟರೆ ಗ್ರೀಕ್ ಹಬ್ಬದ ಗಾಂಭೀರ್ಯ ಕೆಡುತ್ತದೆ ಎಂದು ಯೋಚಿಸುವವರು ಇದನ್ನು ನೆನಪಿಡಬೇಕು. ಗ್ರೀಸಿನಲ್ಲೇ ವ್ಯಾಪಾರಿ ಎವಾಂಗೆಲೋಸ್ ಝಪ್ಪಾಸ್ ಕೊಟ್ಟ ಹಣದಲ್ಲಿ 1859ರಲ್ಲಿ ಅಥೆನ್ಸ್‌ನ ಒಂದು ಚೌಕದಲ್ಲಿ ಕೂಟ ನಡೆದಾಗ, ಬ್ರೂಕ್ಸ್ ವೆನ್ಲಾಕ್‌ನಿಂದ ಹತ್ತು ಪೌಂಡ್ ಬಹುಮಾನ ಕಳಿಸಿದ್ದರು. 1870ರ ಕೂಟ ಅಗೆದು ತೆಗೆದ ಪುರಾತನ ಪ್ಯಾನಥೆನಾಯಿಕ್ ಕ್ರೀಡಾಂಗಣದಲ್ಲೇ ನಡೆಯಿತು. ಕೂಬರ್ತಾ 1890ರಲ್ಲಿ ವೆನ್ಲಾಕ್‌ಗೆ ಹೋಗಿ ಬ್ರೂಕ್ಸ್ ಅವರ ಕೂಟವನ್ನು ಕಣ್ಣಾರೆ ನೋಡಿದರು. ಒಲಿಂಪಿಕ್ಸ್ ಮತ್ತೆ ನಡೆಸಲು ತೀರ್ಮಾನಿಸಿದ 1894ರ ಪ್ಯಾರಿಸ್ ಸಭೆ, 1896ರ ಅಥೆನ್ಸ್ ಒಲಿಂಪಿಕ್ಸ್ ಎಲ್ಲ ಆಮೇಲಿನದು. ಇದರಿಂದ ಕೂಬರ್ತಾ ಸಣ್ಣವರಾಗುವುದಿಲ್ಲ. ಒಂದೂರಿನ ಕೂಟವನ್ನು ಲೋಕದ ಕೂಟ ಮಾಡಿದ್ದು ಅವರೇ. ಆದರೆ ಊರಿನ ಕೂಟ ಮೊದಲು ಹುಟ್ಟಿತ್ತು ಎಂಬುದು ಊರಿನ ಕೂಟ ನಡೆಸುವ ಮಕ್ಕಳಿಗೆ ತಿಳಿಯಲೇಬೇಕು. ನಮ್ಮವರ ಹೆಸರೂ ಕೈಪಿಡಿಯಲ್ಲಿಲ್ಲ: 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ ಓಡಿ 19ನೆಯವರಾಗಿ ಬಂದ ಪಿ. ಡಿ. ಚೌಗುಲೆ ಬೆಳಗಾವಿಯವರು.

ಟಾರ್ಚ್ ಬೇಡ ಎಂದದ್ದು ಇದಕ್ಕೇ. ಒಲಿಂಪಿಯಾದಿಂದ ಜ್ಯೋತಿ ಹೊತ್ತು ಓಡುವುದು ಗ್ರೀಕರ ಪದ್ಧತಿ ಎಂದು ಅದರ ಹಿಡಿಕೆಯ ಮೇಲೆ ಬರೆಸಿದ್ದಾರೆ. ಅಥೆನ್ಸಿನ ಹಬ್ಬಗಳಲ್ಲಿ ಪಂಜಿನ ಓಟ ಇತ್ತು, ಒಲಿಂಪಿಯಾದ ಕೂಟದಲ್ಲಿ ಇರಲಿಲ್ಲ. ಈಗಿನ ಜ್ಯೋತಿಯಾತ್ರೆ ಶುರುವಾದದ್ದು 1936ರ ಬರ್ಲಿನ್ ಕೂಟಕ್ಕೆ, ಕಾರ್ಲ್ ಡೀಮ್ ಅವರ ಯೋಜನೆ. ಕ್ರೀಡಾಪಟುಗಳ ಪರವಾಗಿ ಪ್ರತಿಜ್ಞೆ ಹೇಳುವ ಕ್ರಮವೂ ಈಗಿನ ಒಲಿಂಪಿಕ್ಸಿನಲ್ಲಿ ಶುರುವಾದದ್ದು 1920ರಲ್ಲಿ. ಕ್ರೀಡಾಜ್ಯೋತಿ ಬೇಕೇ ಬೇಕೆಂದರೆ ನಿಮ್ಮ ಶಾಲೆಯದ್ದೇ ಹೊತ್ತಿಸಿ, ಅದಕ್ಕೆ ಗ್ರೀಕರ ಹೆಸರು ಹಚ್ಚಬೇಡಿ. ಸೆಟ್‌ನ ಟಾರ್ಚಿಗೆ ಸೀಮೆಎಣ್ಣೆ ಬಟ್ಟಲು ಆಳವಿಲ್ಲ, ಓಡುವಾಗ ತುಳುಕಿ ಕೈಮೇಲೆ ಇಳಿಯುತ್ತದೆ. ಬೇರೇನೂ ಕಾರಣ ಇಲ್ಲದಿದ್ದರೂ ಇದೊಂದೇ ಸಾಕು.

ಪ್ಲಾಸ್ಟಿಕ್ ಕಿರೀಟ ಲಾರೆಲ್ ಎಲೆಯದ್ದು. ಒಲಿಂಪಿಯಾದಲ್ಲಿ ಕೊಡುತ್ತಿದ್ದದ್ದು ಕಾಡು ಆಲಿವ್, ಲಾರೆಲ್ ಡೆಲ್ಫಿಯದ್ದು, ನೆಮಿಯಾದ್ದು ಕಾಡು ಸೆಲರಿ. ಆಯಾ ನೆಲದ ಎಲೆ ಆಯಾ ಕೂಟಕ್ಕೆ. ಹಾಗಿರುವಾಗ ನಮಗೆ ಕಾಫಿ ಗಿಡದ ಎಲೆ ಏಕಾಗಬಾರದು? ಹೊಳಪಿನ ದಟ್ಟ ಹಸಿರು, ಬೆಳಿಗ್ಗೆ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಸಂಜೆಯವರೆಗೆ ಬಾಡುವುದಿಲ್ಲ. ಬಾಳೆನಾರಿನಲ್ಲಿ ಕಟ್ಟಿ. ಗಿಡ ಸವರುವಾಗ ತೆಗೆದ ಚಿಗುರನ್ನೇ ತೋಟದವರನ್ನು ಕೇಳಿ ತನ್ನಿ, ಫಸಲಿನ ಕೊಂಬೆ ಮುರಿಯಬೇಡಿ.

ಬುಕಿಂಗ್‌ಗೆ ಎರಡು ವಾರ ಮುಂಚೆ ಹೇಳಬೇಕು, ನವೆಂಬರ್, ಡಿಸೆಂಬರಿನಲ್ಲಿ ಇನ್ನೂ ಮುಂಚೆ. ಗೇಟು ಮತ್ತು ಕಲ್ಲು ಮಾತ್ರ ಬೇಕೆಂದು ಕೇಳಿದರೆ ದಿನಕ್ಕೆ 2,000ಕ್ಕೆ ಒಪ್ಪುತ್ತಾರೆ, ಬೋರ್ಡಿನಲ್ಲಿ ಆ ದರ ಬರೆದಿಲ್ಲ, ಬಾಯಿಬಿಟ್ಟು ಕೇಳಬೇಕು. ತರುವ ಮುನ್ನ ಕಲ್ಲುಗಳ ಚಕ್ಕೆ ಎದ್ದ ಜಾಗ, ಜಾವೆಲಿನ್ನಿನ ಬಾಗು, ಕಂಬದ ಸೀಳು ಇವುಗಳ ಫೋಟೊ ಅವರ ಎದುರಿಗೇ ತೆಗೆದುಕೊಳ್ಳಿ. ಡೆಪಾಸಿಟ್ಟಿನಲ್ಲಿ ಹಣ ಹಿಡಿಯುವುದು ಈ ಮೂರಕ್ಕೇ. ವಾಪಸ್ ಕೊಡುವಾಗ ಹುರಿಯನ್ನು ಪೂರ್ತಿ ಬಿಚ್ಚಿ, ಹಗ್ಗವನ್ನು ಒಣಗಿಸಿ ಕೊಡಿ. ಬಿಚ್ಚದೆ ಇಟ್ಟರೆ ನಾರು ತುಂಡಾಗುತ್ತದೆ, ಮುಂದಿನ ಶಾಲೆಯವರ ಗೇಟು ಬೀಳುವುದಿಲ್ಲ.